ಮಗಳ ಮುಖಪರೀಕ್ಷೆ

ಚಿಕ್ಕಬಳ್ಳಾಪುರ
೧೮ ಮೇ ೨೦೨೫

ಪೂಜ್ಯ ಅತ್ತೆಯವರ ಪಾದಗಳಿಗೆ,

ಯಾರ ಬಲವಂತವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ಶಿಡ್ಲಘಟ್ಟದ ನಿಮ್ಮ ಮನೆಯ ಹಗ್ಗದಿಂದ ಮಾಯವಾದ ನೀಲಿ ಸ್ಕಾರ್ಫಿನ ಕಳ್ಳ ನಿಮ್ಮ ಅಳಿಯನೇ. ಇನ್ನು ಕೋತಿಗಳನ್ನು ಬೈಯಬೇಡಿ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ತೀರ್ಪು ಕೊಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ.

ಬಾಣಂತನದ ನಾಲ್ಕು ತಿಂಗಳು ಮಗು ಕಂಡದ್ದು ನಿಮ್ಮನ್ನು, ತನ್ನಮ್ಮ ತನುಜಳನ್ನು, ಪಕ್ಕದ ಮನೆಯ ಜಾನ್ ಬೀಯನ್ನು. ಮುಖ ಎಂದರೆ ಹೆಂಗಸರ ಮುಖ ಎಂದು ತೀರ್ಮಾನಿಸಿಬಿಟ್ಟಿತ್ತು. ಭಾನುವಾರ ಬರುವ ನನ್ನನ್ನು ಕಂಡರೆ ಚೀರಾಟ. ಸ್ವಂತ ಮಗಳಿಂದಲೇ ಮುಖಭಂಗ. ನೀವೋ, "ಗಂಡಸ್ರ ಮುಖ ಕಂಡ್ರೆ ಆಗಲ್ಲ ಕಣಪ್ಪ ಇದಕ್ಕೆ. ಇನ್ನು ಮೂರು ತಿಂಗ್ಳು ಇಲ್ಲೇ ಇರ್ಲಿ" ಎಂದಿರಿ. ನಾನು ನನ್ನ ಕಾಲೇಜಿನ ಬೇಸಿಗೆ ರಜೆಯನ್ನು ಮುಂದಿಟ್ಟು ಹದಿನೈದು ದಿನದ ವಾಯಿದೆ ಕೇಳಿದೆ. ಅಷ್ಟರಲ್ಲಿ ನನ್ನನ್ನು ಒಪ್ಪದಿದ್ದರೆ ತಾಯಿ ಮಗಳಿಬ್ಬರೂ ವಾಪಸ್ಸು ನಿಮ್ಮಲ್ಲಿಗೆ.

ಇಲ್ಲಿಗೆ ಬಂದವಳೇ ತನುಜ ಬಿ.ಎಡ್. ಪರೀಕ್ಷೆಗೆ ಓದಲು ಕೋಣೆ ಸೇರಿದಳು. ಹಾಲು ಕುಡಿಸುವುದೊಂದು ಬಿಟ್ಟು ಮಿಕ್ಕದ್ದೆಲ್ಲ ನನ್ನದು: ಸ್ನಾನ, ತೊಟ್ಟಿಲು, ಲಂಗೋಟಿ, ಲಾಲಿ. ನಿಮ್ಮ ಸ್ಕಾರ್ಫನ್ನು ನಿಮ್ಮ ಹಾಗೆಯೇ ಕಿವಿ ಮುಚ್ಚಿ ಕಟ್ಟಿಕೊಂಡೆ. ಮಗು ಅಳು ನಿಲ್ಲಿಸಿ ದಿಟ್ಟಿಸಿತು. "ಥೇಟ್ ನಮ್ಮಮ್ಮನೇ ಕಣ್ರೀ, ಮೀಸೆ ಒಂದು ಜಾಸ್ತಿ" ಎಂದಳು ನಿಮ್ಮ ಮಗಳು. ದಿನಕ್ಕೊಂದು ಬೆರಳಷ್ಟು ಸ್ಕಾರ್ಫನ್ನು ಹಿಂದಕ್ಕೆ ಸರಿಸಿದೆ. ಒಂಬತ್ತನೆಯ ದಿನ ಪೂರ್ತಿ ತೆಗೆದೆ. ಮಗು ನನ್ನ ಹಣೆಯ ಮೇಲಿನ ಕೂದಲ ಗೆರೆಯನ್ನು ಬಹಳ ಹೊತ್ತು ನೋಡಿತು, ಮೀಸೆಗೆ ಇಳಿಯಿತು, ಆಮೇಲೆ ಬೊಚ್ಚುಬಾಯಿ ತುಂಬ ನಕ್ಕಿತು.

ಇವತ್ತಿಗೆ ಹದಿನೈದು. ವಿಮುಖಳಾಗಿದ್ದವಳು ಸುಮುಖಳಾಗಿದ್ದಾಳೆ. ಲೋಕದ ಮುಖಗಳೆಲ್ಲದರ ನಡುವೆ ಅಪ್ಪನ ಮುಖವೊಂದನ್ನು ಆರಿಸಿಕೊಂಡಿದ್ದಾಳೆ. ತೊಟ್ಟಿಲು ಇಲ್ಲೇ ಇರುತ್ತದೆ, ನೀವೇ ಬಂದು ನೋಡಿ.

ಗೆದ್ದ ಅಳಿಯ,
ಚೈತನ್ಯ

ಮರೆತ ಮಾತು: ಇದನ್ನು ಬರೆಯದೆ ಲಕೋಟೆ ಅಂಟಿಸಕೂಡದೆಂದು ತನುಜ ಪಕ್ಕದಲ್ಲೇ ನಿಂತಿದ್ದಾಳೆ. ಬೆಳಿಗ್ಗೆ ಎರ್ರಪ್ಪ ಸಿಲಿಂಡರ್ ತಂದಿದ್ದ. ಮುಖದ ತುಂಬ ಗಡ್ಡ, ಮಗು ಎಂದೂ ಕಾಣದ ಮನುಷ್ಯ. ನನ್ನ ತೋಳಿನಿಂದಲೇ ಅವನ ಕಡೆಗೆ ವಾಲಿ, ನನಗೆ ಕೊಟ್ಟ ನಗುವಿನ ಎರಡರಷ್ಟನ್ನು ಅವನಿಗೆ ಕೊಟ್ಟಳು. "ಅವಳು ಒಪ್ಕೊಂಡಿರೋದು ಗಂಡಸ್ರನ್ನ ಕಣ್ರೀ, ನಿಮ್ಮನ್ನಲ್ಲ" ಎನ್ನುತ್ತಾಳೆ ತನುಜ. ಎರ್ರಪ್ಪ ಹೊರಟುಹೋದ ಮೇಲೆ, ಉಳಿದವನು ನಾನೊಬ್ಬನೇ ಎಂದು ಕಂಡು ಮಗು ಅಳತೊಡಗಿತ್ತು.