ಗುಗ್ಗರಿಯ ಹತ್ತೊಂಬತ್ತು ಬೊಂಬೆಗಳು

ಗೋಕಾಕ,
ಸುಡುತಿಂಗಳು ೯, ಇಸವಿ ೨೧೬೮

ಪೂಜ್ಯ ಭಾರತಿ ಅಜ್ಜಿಯವರಿಗೆ,

ನಿಮ್ಮ ಮರಿಮಗಳ ಮಗಳು ಸುಗಂಧಾ ಚಿತ್ರಗಾರಳ ನಮಸ್ಕಾರಗಳು. ಮೇಲೆ ಬರೆದ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ತಾಯಿ ಹುಟ್ಟುವ ಮೊದಲೇ ಏಪ್ರಿಲ್ ಮತ್ತು ಮೇ ತಿಂಗಳುಗಳಿಂದ ಹದಿನಾಲ್ಕು ಹದಿನಾಲ್ಕು ದಿನ ಕಿತ್ತು, ನಡುವೆ ಹದಿಮೂರನೆಯದೊಂದು ತಿಂಗಳನ್ನು ಮಾಡಿದರು. ಆ ಇಪ್ಪತ್ತೆಂಟು ದಿನ ಬಿಸಿಲೇರಿದ ಮೇಲೆ ಯಾರೂ ಬಯಲಿಗೆ ಇಳಿಯುವಂತಿಲ್ಲ. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಬೇಕು. ನೀವು ಬೊಂಬೆ ಮಾಡುತ್ತಿದ್ದ ಕಾಲಕ್ಕೆ ನಿಮಗೆ ಮೂವತ್ತೆರಡು, ನನಗೀಗ ಅರವತ್ತೊಂದು. ಆದರೂ ಅಜ್ಜಿ ನೀವೇ.

ಇಂಥ ಕಾಗದಕ್ಕೆ ನಮ್ಮಲ್ಲಿ ಹಿನ್ನೋಲೆ ಎನ್ನುತ್ತಾರೆ. ಮಾಡಿದ್ದನ್ನು ಬದುಕಿರುವವರ ಮುಂದೆ ಹೇಳಿಕೊಳ್ಳಲಾಗದವರು ಸತ್ತುಹೋದ ಹಿರಿಯರಿಗೆ ಬರೆದು, ಮಡಿಸಿ, ಊರ ವಾಚನಾಲಯದ ಪೆಟ್ಟಿಗೆಗೆ ಹಾಕುತ್ತಾರೆ. ಯಾರೂ ಓದುವುದಿಲ್ಲ. ನಾನು ನಿಮ್ಮನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನೀವು ಸಿನಿಮಾದ ನಾಯಕರನ್ನು, ಟಿವಿಯ ಮಾತಾಡುವ ಪ್ರಾಣಿಗಳನ್ನು ಮಣ್ಣಿನಲ್ಲಿ ಬೆರಳುದ್ದ ಮಾಡಿ, ಒಲೆಯಲ್ಲಿ ಬೇಯಿಸಿ, ಬಣ್ಣ ಬಳಿದು ಕೊಡುತ್ತಿದ್ದಿರಂತೆ. ಜನ ಅವನ್ನು ಕಾರಿನಲ್ಲಿ, ಮಕ್ಕಳ ಹುಟ್ಟುಹಬ್ಬದ ಕೇಕಿನ ಮೇಲೆ ಇಡುತ್ತಿದ್ದರಂತೆ. ದೇವರ ಮೂರ್ತಿ ಮಾಡುವ ಮನೆತನಕ್ಕೆ ಸೊಸೆಯಾಗಿ ಬಂದು ಇದೇನು ಹುಡುಗಾಟ ಎಂದು ನಿಮ್ಮ ಮಾವನವರು ಬೈದಿದ್ದರೆಂದು ನನ್ನಜ್ಜಿ ಹೇಳುತ್ತಿದ್ದಳು. ನನ್ನ ಮಾತು ನಿಮಗೆ ಅರ್ಥವಾದೀತು.

ನಮ್ಮ ಮನೆಗಳಲ್ಲಿ ಒಂದೊಂದು ಗೋಡೆಗೆ ಬೆಳಕು ಹಾಸಿರುತ್ತಾರೆ. ನಿಮ್ಮ ಟಿವಿಯ ಹಾಗೆ ಅದರಲ್ಲಿ ಚಿತ್ರಗಳು ಓಡಾಡುತ್ತವೆ, ಮಾತಾಡುತ್ತವೆ; ಗೋಡೆಬೆಳಕು ಎಂದೇ ಅದಕ್ಕೆ ಹೆಸರು. ಅದರಲ್ಲಿ ನಲವತ್ತು ವರ್ಷ ಒಬ್ಬನೇ ವಾಸವಾಗಿದ್ದ: ಗುಗ್ಗರಿ, ಮಕ್ಕಳ ಜೊತೆಗಾರನಾದ ಒಂದು ಪುಟ್ಟ ಪ್ರಾಣಿ. ಬೇಯಿಸಿದ ಕಡಲೆಕಾಳಿನ ಬಣ್ಣ, ಗುಂಡು ಹೊಟ್ಟೆ, ಮಡಚಿದ ಕಿವಿ, ಒಂದು ಕಾಲು ತುಸು ಗಿಡ್ಡ. ಎಲ್ಲರ ಮನೆಯಲ್ಲೂ ಅವನೇ, ಆದರೆ ಒಂದೊಂದು ಮಗುವಿನ ಜೊತೆಗೆ ಒಂದೊಂದು ಥರ ಇರುತ್ತಿದ್ದ. ಅಪ್ಪ ಕಂಡ ಗುಗ್ಗರಿಯನ್ನೇ ಮಗನೂ ಕಾಣುತ್ತಿದ್ದ. ಅವನ ಹೆಸರಲ್ಲಿ ಅಂಗಿ, ಬಿಸ್ಕತ್ತು, ಜೋಗುಳ ಎಲ್ಲ ಇದ್ದವು. ನನಗೆ ಮಕ್ಕಳಿಲ್ಲ; ಅವನನ್ನು ನಾನು ಬೇರೆಯವರ ಮನೆಯಲ್ಲಿ ಚಹಾ ಕುಡಿಯುತ್ತ ಕಣ್ಣಂಚಿನಲ್ಲಿ ನೋಡಿದ್ದಷ್ಟೆ.

ಹೋದ ನವೆಂಬರಿನಲ್ಲಿ ಅವನ ಒಡೆತನ ಯಾರಿಂದಲೋ ಯಾರಿಗೋ ಹೋಯಿತು. ಹೊಸ ಒಡೆಯರಿಗೆ ಅವನು ಬೇಡವಾಗಿದ್ದ. ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಗೋಡೆಗಳೆಲ್ಲ ಖಾಲಿಯಾದವು. ಅವನ ಚಿತ್ರವಿರುವ ಸಾಮಾನುಗಳನ್ನೆಲ್ಲ ರೂಪಕಚೇರಿಗೆ ಒಪ್ಪಿಸಬೇಕೆಂದು ಆಜ್ಞೆ ಬಂತು. ಒಬ್ಬರ ಒಡೆತನದ ಮುಖವನ್ನು ಇನ್ನೊಬ್ಬರು ಮಾಡದಂತೆ ಕಾಯುವ ಕಚೇರಿ ಅದು. ಬೇಕಾದ ವಸ್ತುವನ್ನು ಮನೆಯಲ್ಲೇ ಅಚ್ಚು ಹಾಕಿಕೊಡುವ ಯಂತ್ರ ನಮ್ಮಲ್ಲಿದೆ, ಆದರೆ ಅದು ಆ ಕಚೇರಿಯ ಮಾತು ಮೀರುವುದಿಲ್ಲ. ಮೀರಬಲ್ಲದ್ದು ಕೈ ಮಾತ್ರ. ಮಕ್ಕಳು ನಾಲ್ಕು ದಿನ ಅತ್ತರು. ಐದನೆಯ ದಿನ ಗೋಡೆಗೆ ಬೇರೆ ಯಾರೋ ಬಂದರು, ಬಹಳಷ್ಟು ಮಕ್ಕಳು ಮರೆತರು.

ಚಂಪಾ ಮರೆಯಲಿಲ್ಲ. ನಮ್ಮ ಓಣಿಯ ಕೊನೆಯ ಮನೆಯ ಎಂಟು ವರ್ಷದ ಹುಡುಗಿ. ತಂದೆ ಇಲ್ಲ. ತಾಯಿ ಕಸ್ತೂರಿ ನೀರು ಹಂಚುವ ಕೇಂದ್ರದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೆಲಸಕ್ಕಿದ್ದಾಳೆ. ಮೂರು ವಾರದಿಂದ ಮಗಳು ಬಾಯಿ ಬಿಟ್ಟಿಲ್ಲವೆಂದು ಅವಳು ಮಣ್ಣಿನ ಬೊಂಬೆ ಮಾಡುವ ನನ್ನಲ್ಲಿಗೆ ಬಂದಳು.

"ಅಕ್ಕಾರ, ಒಂದ ಗುಗ್ಗರಿ ಮಾಡಿಕೊಡ್ರಿ. ಸಣ್ಣದು. ಕೈಯಾಗ ಮುಚ್ಚಿ ಹಿಡಕೊಳ್ಳುವಷ್ಟು."

"ಕಾಯ್ದೆ ಗೊತ್ತಿಲ್ಲೇನವಾ ನಿನಗ?"

"ಗೊತ್ತೈತ್ರಿ. ಆಕಿ ಊಟಾನೂ ಬಿಟ್ಟಾಳ."

ನಾನು ಆಗುವುದಿಲ್ಲವೆಂದೆ. ಅವಳು ಹೋದ ಮೇಲೆ ಮಣ್ಣು ನೆನೆಹಾಕಿದೆ. ಕರುಣೆಯಿಂದ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಹಿನ್ನೋಲೆಯಲ್ಲಿ ಸುಳ್ಳು ಬರೆಯಬಾರದು. ಎರಡು ವರ್ಷದಿಂದ ಯಾರೂ ನನ್ನ ಕೈಕೆಲಸ ಕೇಳಿಕೊಂಡು ಬಂದಿರಲಿಲ್ಲ.

ನೋಡಿ ಮಾಡಲು ಒಂದು ಚಿತ್ರವೂ ಉಳಿದಿರಲಿಲ್ಲ. ಕಿವಿ ಎಡಗಡೆಯದು ಮಡಚಿತ್ತೆಂದು ಕಸ್ತೂರಿ, ಎರಡೂ ಮಡಚಿದ್ದವೆಂದು ಪಕ್ಕದ ಮನೆಯ ಮುದುಕ. ಗಿಡ್ಡ ಕಾಲು ಯಾವುದೆಂದು ಒಬ್ಬರಿಗೂ ಖಾತ್ರಿಯಿಲ್ಲ. ನಲವತ್ತು ವರ್ಷ ದಿನಾ ನೋಡಿದ ಮುಖ! ಆರು ಬೊಂಬೆ ಮಾಡಿದೆ. ಚಂಪಾ ಪ್ರತಿಯೊಂದನ್ನೂ ನೋಡಿ ಅಲ್ಲವೆಂದು ತಲೆಯಾಡಿಸಿ ನೆಲ ನೋಡಿದಳು. ಏಳನೆಯದು ನನ್ನ ಮಟ್ಟಿಗೆ ಚೆನ್ನಾಗಿತ್ತು. ಹಸಿಯಾಗಿರುವಾಗಲೇ ಅವಳ ಮುಂದಿಟ್ಟೆ. ಅದನ್ನು ಸುತ್ತಲಿಂದಲೂ ನೋಡಿದಳು. ಆಮೇಲೆ, ಒಣಗಿದ ಗಂಟಲಿನಲ್ಲಿ:

"ಇಂವಾ ನಿಮ್ಮನ್ನ ನೋಡಾಕತ್ತಾನ."

ಬಾಗಿಲ ಬಳಿ ನಿಂತಿದ್ದ ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮತ್ತ ಯಾರನ್ನ ನೋಡಬೇಕವಾ?" ಎಂದೆ.

"ಯಾರನ್ನೂ ಇಲ್ಲ. ಕಿಟಕಿ ನೋಡತಾನ. ಅವ್ವ ಬರೂತನಕ ಇಬ್ಬರೂ ಕಿಟಕಿ ನೋಡತೀವಿ."

ಅವಳೇ ತನ್ನ ಹೆಬ್ಬೆರಳಿನಿಂದ ಬೊಂಬೆಯ ಕತ್ತನ್ನು ಓರೆ ಮಾಡಿದಳು. ಅದರಿಂದ ಒಂದು ಕಿವಿ ಜಜ್ಜಿತು. ಸರಿಮಾಡಲು ಹೋದ ನನ್ನ ಕೈಯನ್ನು ತಳ್ಳಿದಳು. ಅಜ್ಜಿ, ಅರವತ್ತು ವರ್ಷದ ಕೈ ಏಳು ಸಲ ತಪ್ಪಿದ್ದನ್ನು ಆ ಹುಡುಗಿ ಒಂದು ಒತ್ತಿನಲ್ಲಿ ಮಾಡಿದಳು. ನನಗೆ ಸಂತೋಷವೂ ಆಯಿತು, ಸಣ್ಣ ಹೊಟ್ಟೆಕಿಚ್ಚೂ ಆಯಿತು. ಭಟ್ಟಿಯಲ್ಲಿ ಸುಟ್ಟು, ಬಣ್ಣ ಹಾಕಿ ಕೊಟ್ಟೆ. ಅಂದು ಚಂಪಾ ಎರಡು ರೊಟ್ಟಿ ತಿಂದಳಂತೆ.

ಸುದ್ದಿ ಹಬ್ಬಿತು. ಹಿಂಬಾಗಿಲಿಂದ ತಾಯಂದಿರು ಬಂದರು, ತಂದೆಯರು ಬಂದರು, ಒಬ್ಬ ನಿವೃತ್ತ ಮಾಸ್ತರರು ತಮಗಾಗಿಯೇ ಒಂದು ಬೇಕೆಂದು ನಾಚುತ್ತ ಕೇಳಿದರು. ನಾನು ಪ್ರತಿಯೊಬ್ಬರನ್ನೂ ಕೂರಿಸಿ ಅವರ ಗುಗ್ಗರಿ ಹೇಗಿದ್ದ ಎಂದು ವಿಚಾರಿಸಿದೆ. ಒಬ್ಬನದು ನಗುವ ಗುಗ್ಗರಿ, ಒಬ್ಬಳದು ಹೊಟ್ಟೆ ಹಿಡಿದು ಕೂತದ್ದು. ಮಾಸ್ತರರದು ಮಲಗಿತ್ತು. ಫೆಬ್ರವರಿ ಮುಗಿಯುವ ಹೊತ್ತಿಗೆ ಹತ್ತೊಂಬತ್ತು ಮನೆಗಳಲ್ಲಿ ಹತ್ತೊಂಬತ್ತು ಬೊಂಬೆಗಳಿದ್ದವು. ಅಷ್ಟು ಸುಖದ ದಿನಗಳನ್ನು ನಾನು ಕಂಡಿರಲಿಲ್ಲ. ಚಂಪಾ ದಿನಾ ಬಂದು ನನ್ನ ಪಕ್ಕದಲ್ಲಿ ಕೂತು ಪಟಪಟ ಮಾತಾಡುತ್ತಿದ್ದಳು.

ಮಾರ್ಚಿನ ಮೊದಲ ಸೋಮವಾರ ರೂಪಕಚೇರಿಯ ಅಧಿಕಾರಿ ಗುರುಪಾದ ನೇಸರಗಿ ಎಂಬುವನು ಬಂದ. ಮೂವತ್ತೈದರ ಆಸುಪಾಸು, ಮಾತು ಮೆತ್ತಗೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಹಲಗೆಯ ಮೇಲೆ ಅರ್ಧ ಮಾಡಿದ ಇಪ್ಪತ್ತನೆಯದು ಇತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವನು ಕೂತ.

"ನಾನೂ ಇವನ ಜೋಡಿ ಬೆಳದಾಂವ್ರಿ, ಅಕ್ಕಾರ," ಎಂದ. "ಎಷ್ಟ ಮನಿಗೆ ಕೊಟ್ಟೀರಿ?"

ನಾನು ಹಲಗೆಯ ಮೇಲಿನ ಮಣ್ಣು ಒರೆಸತೊಡಗಿದೆ.

"ಹೆಸರ ಹೇಳಿದ್ರ ಬೊಂಬಿ ಅಷ್ಟ ಒಯ್ತೀವಿ. ಯಾರಿಗೂ ಏನೂ ಮಾಡೂದಿಲ್ಲ."

"ಹೇಳಲಿಲ್ಲಂದ್ರ?"

"ನಿಮ್ಮ ಭಟ್ಟಿ ಒಡಸ್ತಾರ. ಹತ್ಯಾರ ಒಯ್ತಾರ. ಮುಂದ ನೀವು ಮಣ್ಣ ಮುಟ್ಟೂಹಂಗಿಲ್ರಿ. ಅದು ನನ್ನ ಕೈಯಾಗಿಲ್ಲ."

ಆ ಭಟ್ಟಿ ನನ್ನ ತಾಯಿ ಕಟ್ಟಿದ್ದು. ಅದೊಂದೇ ಕಾರಣವಲ್ಲ. ಮಣ್ಣು ಮುಟ್ಟದ ಒಂದು ದಿನವನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ, ಆಗಲಿಲ್ಲ. ಹೆಸರುಗಳನ್ನು ಹೇಳಿದೆ. ಒಂದಾದ ಮೇಲೊಂದು, ಓಣಿಯ ಈ ತುದಿಯಿಂದ. ಯಾವ ಹೆಸರಿಗೆ ಬೇಕಾದರೂ ನಿಲ್ಲಿಸಬಹುದಿತ್ತು. ಹದಿನೆಂಟಾದವು. ಚಂಪಾಳ ಹೆಸರು ಬಿಟ್ಟಿದ್ದೆ. ಅವನು ಬರೆದುಕೊಳ್ಳುವುದನ್ನು ನಿಲ್ಲಿಸಿ, "ಮೊದಲನೇದು ಯಾರಿಗೆ ಮಾಡಿದ್ರಿ?" ಎಂದು ಕೇಳಿದ. ಅದನ್ನೂ ಹೇಳಿದೆ.

ಮರುದಿನ ಬೆಳಿಗ್ಗೆ ಅವರು ಒಂದು ಪೆಟ್ಟಿಗೆ ಹಿಡಿದು ಮನೆಮನೆಗೆ ಹೋದರು. ಮಾಸ್ತರರು ತಮ್ಮದನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟರು. ನಾನು ನನ್ನ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಚಂಪಾ ಅಳಲಿಲ್ಲ. ಬೊಂಬೆಯನ್ನು ತಾನೇ ಪೆಟ್ಟಿಗೆಯಲ್ಲಿಟ್ಟು ಗುರುಪಾದನನ್ನು ಕೇಳಿದಳು:

"ಎಲ್ಲಿಗೆ ಒಯ್ತೀರಿ?"

"ಕಚೇರಿಗೆ, ತಂಗಿ."

"ಅಲ್ಲಿ ಕಿಟಕಿ ಐತೇನ್ರಿ?"

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ.

ಸಂಜೆ ಕಸ್ತೂರಿ ಬಂದಳು. ಜಗಳಕ್ಕೆ ಬಂದಳೆಂದು ನಾನು ಎದ್ದುನಿಂತೆ. ಅವಳು ಹೊಸ್ತಿಲ ಹೊರಗೇ ನಿಂತು, "ನೀವ ಹೇಳಿದ್ರಂತ?" ಎಂದಳು. ಹೌದೆಂದೆ. "ಹೋಗ್ಲಿ ಬಿಡ್ರಿ," ಎಂದು ಹೊರಟುಹೋದಳು. ಬೈದಿದ್ದರೆ ಈ ಹಿನ್ನೋಲೆ ಬರೆಯುತ್ತಿರಲಿಲ್ಲವೇನೋ. ಅಂದಿನಿಂದ ಓಣಿಯವರು ಎದುರಾದರೆ ಮಾತಾಡಿಸುತ್ತಾರೆ, ಊಟವಾಯಿತೇ ಎನ್ನುತ್ತಾರೆ, ಒಳಗೆ ಕರೆಯುವುದಿಲ್ಲ. ಭಟ್ಟಿ ಹಾಗೆಯೇ ಇದೆ. ಒಂದು ತಿಂಗಳು ಅದಕ್ಕೆ ಬೆಂಕಿ ಹಾಕಲಾಗಲಿಲ್ಲ.

ಏಪ್ರಿಲಿನಲ್ಲಿ ಚಂಪಾ ಬಂದಳು. ಮಾತು ನಿಂತಿರಬಹುದೆಂದು ನಾನು ಹೆದರಿದ್ದೆ, ನಿಂತಿರಲಿಲ್ಲ.

"ಮಣ್ಣ ಬೇಕು," ಎಂದಳು.

"ಏನ್ ಮಾಡಿಕೊಡಲಿ?"

"ನೀವ ಮಾಡಬ್ಯಾಡ್ರಿ. ಮಣ್ಣಷ್ಟ ಕೊಡ್ರಿ."

ಕೊಟ್ಟೆ. ನನಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕೂತು ಏನೋ ಮಾಡಿದಳು. ಹಲಸಿನ ಬೀಜದ ಹಾಗೊಂದು ಉಂಡೆ, ಮೇಲೆ ಎರಡು ತೂತು, ಪಕ್ಕದಲ್ಲಿ ಬಾಲವೋ ಕೈಯೋ ತಿಳಿಯದ ಒಂದು ಎಳೆ. ಒಣಗಲು ಮೆಟ್ಟಿಲಿನಲ್ಲೇ ಇಟ್ಟು ಮನೆಗೆ ಹೋದಳು. ಮಾರನೆಯ ವಾರ ಇನ್ನಿಬ್ಬರು ಹುಡುಗಿಯರನ್ನು ಕರೆತಂದಳು.

ಈಗ ತಿಂಗಳಿಗೊಮ್ಮೆ ನನ್ನ ಮನೆಯ ತಪಾಸಣೆಗೆ ಬರುವ ಗುರುಪಾದ ಮೆಟ್ಟಿಲ ಮೇಲಿನ ಸಾಲು ನೋಡಿ ಬಗ್ಗಿದ. ಚಂಪಾಳದ್ದನ್ನು ಎತ್ತಿಕೊಂಡು, "ಇದ್ಯಾರು, ತಂಗಿ?" ಎಂದ.

"ಯಾರೂ ಅಲ್ಲ," ಎಂದಳು ಚಂಪಾ.

ಅವನು ನನ್ನ ಕಡೆ ತಿರುಗಿದ. "ನಿಮಗ ಗೊತ್ತೇನ್ರಿ, ಅಕ್ಕಾರ?"

"ಗೊತ್ತಿಲ್ಲ," ಎಂದೆ.

ಅವಳನ್ನು ಉಳಿಸಲೆಂದು ಆಡಿದ ಮಾತಲ್ಲ ಅದು, ಅಜ್ಜಿ. ನಿಜವಾಗಿಯೂ ಗೊತ್ತಿಲ್ಲ. ಅದು ಯಾರು, ಯಾವ ಕಡೆ ನೋಡುತ್ತಿದೆ ಎಂದು ಅವಳು ನನಗೆ ಹೇಳಿಲ್ಲ. ಹೇಳುವುದೂ ಇಲ್ಲ. ಗುರುಪಾದ ಅದನ್ನು ಇದ್ದಲ್ಲೇ ಇಟ್ಟು, ಧೂಳು ಹತ್ತಿದ ಬೆರಳನ್ನು ಒರೆಸಿಕೊಳ್ಳದೆ ಹೋದ.

ಈಗ ವಾರಕ್ಕೊಮ್ಮೆ ಸೂರ್ಯ ಏಳುವ ಮೊದಲೇ ಐದಾರು ಮಕ್ಕಳು ಬರುತ್ತಾರೆ. ನಾನು ಮಣ್ಣು ಹದ ಮಾಡಿ ಮೆಟ್ಟಿಲ ಮೇಲಿಟ್ಟು ಒಳಗೆ ಹೋಗುತ್ತೇನೆ. ಎಷ್ಟು ನೀರು ಬೆರೆಸಿದರೆ ಬಿರಿಯುವುದಿಲ್ಲ ಎಂದು ಮೊನ್ನೆ ಒಬ್ಬಳು ಒಳಗೆ ಬಂದು ಕೇಳಿದಳು, ಹೇಳಿದೆ. ಅಷ್ಟೇ ನನ್ನ ಪಾಲು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಾಲದ ಮಕ್ಕಳು ತಮ್ಮ ಮೆಚ್ಚಿನ ಮುಖವನ್ನು ಹುಡುಕಿಕೊಂಡು ಆ ಹಿಂದಿನ ಕೋಣೆಗೆ ಬಂದಾಗ, ಬೊಂಬೆ ಮಾಡಿಕೊಡಿ, ಬೇಡವೆನ್ನುವುದಿಲ್ಲ. ಆದರೆ ಅವರನ್ನು ಬರಿಗೈಯಲ್ಲಿ ಕೂರಿಸಿ ನಿಮ್ಮ ಕೈಚಳಕವನ್ನಷ್ಟೇ ತೋರಿಸಬೇಡಿ. ಒಂದು ಮುಷ್ಟಿ ಮಣ್ಣು ಅವರಿಗೂ ಕೊಡಿ, ಕೆಡಿಸಲಿ. ನಾನು ಹತ್ತೊಂಬತ್ತು ಮನೆಗೆ ಬೊಂಬೆ ಕೊಟ್ಟೆ, ಒಬ್ಬರಿಗೂ ಕಲಿಸಲಿಲ್ಲ; ತಾವೇ ಮಾಡಿಕೊಂಡಿದ್ದರೆ ಯಾರ ಮನೆಯಲ್ಲಿ ಏನಿದೆಯೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಆದ್ದರಿಂದ ಹೇಳಿಬಿಡಲು ನನ್ನ ಬಳಿ ಹತ್ತೊಂಬತ್ತು ಹೆಸರುಗಳಿದ್ದವು.

ಅಪ್ಪಣೆ ಕೊಡಿ.

ನಿಮ್ಮ,
ಸುಗಂಧಾ