ಮನೆಮಂದಿಗೆಲ್ಲ ಇರುವ ಕ್ರಿಮಿ

ಡಾಕ್ಟರಮ್ಮನವರಿಗೆ ನಮಸ್ಕಾರ.

ನಾನು ನಿಮ್ಮ ಹೊಟ್ಟೆನೋವಿನ ರೋಗಿ, ಹೊಲಿಗೆಯವಳು. ನೋವು ಬಂದಾಗಲೆಲ್ಲ ಮಿಷನ್ನಿನ ಮೇಲೆ ಹಣೆಯಿಟ್ಟು ಕೂರುತ್ತಿದ್ದೆ. "ಕೆಲಸ ಅಂದ್ರೆ ಸಾಕು, ಇವಳು ಹೊಟ್ಟೆ ಹಿಡ್ಕೊಂಡು ಕೂತ್ಕೊಳ್ತಾಳೆ" ಎನ್ನುತ್ತಿದ್ದರು ಅತ್ತೆ. ನನ್ನ ಕರುಳಿನಲ್ಲಿ ಕ್ರಿಮಿ ಸಿಕ್ಕಿದೆ ಎಂದು ನೀವು ಹೇಳಿದ ದಿನ ನನಗಾದ ಸಂತೋಷವನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ. ಅವತ್ತು ಅತ್ತೆ ನೀರು ಕಾಯಿಸಿಕೊಟ್ಟರು. ನಮ್ಮ ಯಜಮಾನರು ತಾವೇ ಪಾತ್ರೆ ತೊಳೆದರು.

ಆಮೇಲೆ ನೀವು ಅವರಿಬ್ಬರ ಮಲವನ್ನೂ ಪರೀಕ್ಷೆಗೆ ತರಿಸಿಕೊಂಡಿರಿ. ನಿನ್ನೆ ಫೋನಿನಲ್ಲಿ, ಅವರಲ್ಲೂ ಅದೇ ಕ್ರಿಮಿ, ಅದೇ ತಳಿ ಇದೆ, ನಿಮ್ಮಲ್ಲಿಗೆ ಬರುವ ಅರ್ಧಕ್ಕರ್ಧ ರೋಗಿಗಳಲ್ಲಿ ಇದೆ, ನನ್ನ ನೋವಿಗೆ ಅದು ಕಾರಣವಲ್ಲ ಎಂದಿರಿ. ನಿಜವೇ ಇರಬೇಕು. ಅತ್ತೆಗೆ ಈ ವಯಸ್ಸಿನಲ್ಲೂ ಕಲ್ಲು ತಿಂದರೂ ಕರಗುತ್ತದೆ. ಯಜಮಾನರಿಗೆ ಒಂದು ತೇಗು ಕೂಡ ಹೆಚ್ಚಾಗಿ ಬಂದಿಲ್ಲ. ಹಾಗಾದರೆ ನನಗೆ ನೋಯುತ್ತಿರುವುದು ಏನು?

ದಯವಿಟ್ಟು ಅವರ ರಿಪೋರ್ಟನ್ನು ಮನೆಗೆ ಕಳಿಸಬೇಡಿ. ಕೇಳಿದರೆ, ಡಬ್ಬಿ ಸೋರಿಹೋಯಿತು ಎಂದುಬಿಡಿ. ನನ್ನ ಹೊಟ್ಟೆಯಲ್ಲಿ ಬೇರೆ ಏನಾದರೂ ಇದೆಯೇ ಎಂದು ಇನ್ನೊಮ್ಮೆ ಹುಡುಕಿ. ಕೆಟ್ಟದ್ದೇ ಆದರೂ ಪರವಾಗಿಲ್ಲ, ಅದು ನನ್ನೊಬ್ಬಳಿಗೇ ಇರಲಿ.

ಇದನ್ನು ಬರೆಯುವಾಗಲೂ ನೋಯುತ್ತಿದೆ. "ನೀರು ಕಾದಿದೆ ಕಣಮ್ಮ, ಆರೋದ್ರೊಳಗೆ ಕುಡಿದ್ಬಿಡು" ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದಾರೆ. ಅವರಿಗಿನ್ನೂ ಗೊತ್ತಿಲ್ಲ.

ನಿಮ್ಮನ್ನೇ ನಂಬಿರುವ,
ಹೊಲಿಗೆಯವಳು