ಹತ್ತು ಬೆರಳಿನ ಹಾಜರಿ

ಗುಡ್ಡದಹಟ್ಟಿ, ತಳಕು ಹೋಬಳಿ
14-9-2000

ನಮ್ಮ ಪಂಚಾಯ್ತಿ ಅಧ್ಯಕ್ಷೆ, ನನ್ನ ಮಗಳು ದ್ರಾಕ್ಷಿಗೆ ನಿಮ್ಮಪ್ಪನ ಆಶೀರ್ವಾದ.

ಮೈಸೂರಲ್ಲಿ ಅಧ್ಯಕ್ಷರ ತರಬೇತಿ ಹೆಂಗೆ ನಡೀತೈತೆ? ನಿಮ್ಮವ್ವ ಚೆನ್ನಾಗಿದಾಳೆ. ನಾನು ಮೂರು ದಿನದಿಂದ ಮುದ್ದೆ ಮುರೀತೀನಿ, ನುಂಗಕ್ಕಾಗ್ತಿಲ್ಲ.

ಸೋಮವಾರ ಚಳ್ಳಕೆರೆಯಿಂದ ಸಾಹೇಬ್ರು ತನಿಖೆಗೆ ಬರ್ತಾರೆ. ಹಟ್ಟಿಗೆ ನೀರಿನ ಟ್ಯಾಂಕ್ ಬೇಕು ಅಂತ ನಿನ್ನ ಗ್ರಾಮಸಭೇಲಿ ಠರಾವು ಆಯ್ತಲ್ಲ, ಅದರ ಹೆಬ್ಬೆಟ್ಟೆಲ್ಲಾ ಸುಳ್ಳು ಅಂತ ನಿನ್ನೆದುರು ಸೋತ ತೋಟಪ್ಪ ಅರ್ಜಿ ಹಾಕಿದಾನೆ. ರುಜುವಾತಾದ್ರೆ ಟ್ಯಾಂಕೂ ಹೋಗ್ತೈತೆ, ನಿನ್ನ ಕುರ್ಚೀನೂ ಹೋಗ್ತೈತೆ ಅಂದ ಸೆಕ್ರೆಟರಿ.

ತೋಟಪ್ಪ ಹೇಳೋದು ನಿಜ ಕಣವ್ವ.

ಅವತ್ತು ಬಂದೋರು ಹನ್ನೆರಡೇ ಜನ. ಇದು ಗ್ರಾಮಸಭೆ ಅಲ್ಲ, ತೂಕಕ್ಕಿಟ್ರೆ ಬರೀ ಗ್ರಾಂ ಸಭೆ ಅಂತ ನಾನು ನಗಾಡ್ದೆ; ನೀನು ನಗಲಿಲ್ಲ. ಸಭೆ ಲೆಕ್ಕಕ್ಕೆ ಬರಬೇಕಂದ್ರೆ ಇನ್ನೂ ಹತ್ತು ಜನ ಬೇಕು, ಮನೆಮನೆಗೆ ಹೋಗಿ ಹೆಬ್ಬೆಟ್ಟು ಹಾಕಿಸ್ಕಂಡು ಬಾ, ಎಲ್ಲಾ ಕಡೆ ಹಂಗೇ ಮಾಡೋದು ಅಂತ ಸೆಕ್ರೆಟರಿ ಪುಸ್ತಕಾನೂ ಇಂಕಿನ ಡಬ್ಬೀನೂ ನನ್ನ ಕೈಗೆ ಕೊಟ್ಟ. ಬಿಸಿಲಿತ್ತು, ಮಂಡಿ ನೋವಿತ್ತು. ಹಳೇ ವೋಟರ್ ಲಿಸ್ಟ್ ಇಟ್ಕಂಡು ಗುಡಿ ಹಿಂದೆ ಕುಂತು, ಒಂದೊಂದು ಹೆಸರಿಗೆ ನಂದೇ ಒಂದೊಂದು ಬೆರಳು ಒತ್ತಿದೆ. ಹೆಬ್ಬೆಟ್ಟಿನ ಬೆಟ್ಟಾನೇ ಎಬ್ಬಿಸಿದೆ. ಕೊನೇಗೆ ಉಳಿದ ಕಿರುಬೆರಳು ತಿಪ್ಪಯ್ಯನ ಪಾಲಿಗೆ ಬಂತು. ಅವನು ಸತ್ತು ಎರಡು ವರ್ಷ, ಲಿಸ್ಟಲ್ಲಿ ಮಾತ್ರ ಗಟ್ಟಿಮುಟ್ಟಾಗಿದ್ದ. ಅವಸರದಲ್ಲಿ ನಂಗೆ ಹೊಳೀಲಿಲ್ಲ. ಬದುಕಿದ್ದಾಗ ಅವನಿಗೊಂದು ಬೀಡಿ ಕೊಡದೋನು ಸತ್ಮೇಲೆ ಬೆರಳು ಕೊಟ್ಟೆ. ತೋಟಪ್ಪನ ಕಣ್ಣಿಗೆ ಬಿದ್ದಿದ್ದೇ ಆ ಹೆಸರು.

ಹತ್ತು ಜನಾನೂ ಒಪ್ಪಿದ್ರೇನಪ್ಪಾ ಅಂತ ನೀನು ಕೇಳ್ದೆ. ಹೂಂ ಅಂದೆ. ಆ ಹೂಂ ಈಗ ಗಂಟಲಲ್ಲಿ ಕುಂತೈತೆ.

ಸೋಮವಾರ ಸಾಹೇಬ್ರ ಮುಂದೆ ನಾನೇ ಹೇಳ್ತೀನಿ. ಜೈಲಿಗೆ ಹಾಕ್ತಾರೋ ಬೈದು ಬಿಡ್ತಾರೋ ಗೊತ್ತಿಲ್ಲ. ನೀನು ನನ್ನ ಪರ ಒಂದು ಮಾತೂ ಆಡಬೇಡ. ನಂಗೆ ಗೊತ್ತಿರಲಿಲ್ಲ ಅನ್ನು, ಅದು ನಿಜಾನೇ. ಟ್ಯಾಂಕಿಗೆ ಇನ್ನೊಂದು ಸಭೆ ಕರಿ.

ನಿಮ್ಮಪ್ಪ,
ಪಾತಣ್ಣ
(ಇದು ಅಸಲಿ ಸಹಿ)

ತಾ.ಕ.: ಮಂಡಿ ನೋವು ಸುಳ್ಳು. ಪುಸ್ತಕ ಹಿಡ್ಕಂಡು ಮೊದಲು ಮೂರು ಮನೆಗೆ ಹೋಗಿದ್ದೆ. ಮಿನಿಸ್ಟ್ರು ಬರ್ತಾರೆ ಅಂತ ಹೋದ್ವರ್ಷ ನಮ್ಮನ್ನ ಬಿಸಿಲಲ್ಲಿ ನಿಲ್ಲಿಸಿದ್ದೆ, ಯಾರೂ ಬರಲಿಲ್ಲ, ಈಗ ಯಾರನ್ನ ಮಂಗ ಮಾಡಕ್ಕೆ ಬಂದೆ ಪಾತಣ್ಣ ಅಂತ ನಿಂಗಕ್ಕ ನಕ್ಕು ಬಾಗಿಲು ಹಾಕಂಡ್ಲು. ಉಳಿದ ಎರಡು ಮನೇಲೂ ಅದೇ ಮಾತು. ಹಿಂದಿನ ದಿನ ಸಭೆ ಐತೆ ಅಂತ ಬೀದಿಬೀದಿ ಸಾರಿದ್ದೂ ನಾನೇ ಅಲ್ವಾ. ಹೆಂಗಸು ಕರೆದ್ಲು ಅಂತ ಜನ ಬರಲಿಲ್ಲ ಅಂತ ನೀನು ಬಸ್ ಹತ್ತೋವಾಗ ಅತ್ತಾಗ ನಾನು ಬಾಯಿ ಮುಚ್ಕಂಡಿದ್ದೆ. ಅವರು ನಂಬದೇ ಇದ್ದಿದ್ದು ನನ್ನನ್ನ ಮಗಳೇ, ನಿನ್ನನ್ನಲ್ಲ. ಈ ಸಲ ಸಾರೋಕೆ ಬೇರೆ ಯಾರನ್ನಾದ್ರೂ ಕಳ್ಸು.